ಎದ್ದು ಹೋಗಿ ನೋಡುವುದು

ಕಳೆದ ಮಳೆಗಾಲದಲ್ಲಿ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ನನ್ನ ಊಟದ ಚಿಂತೆ ಹಚ್ಚಿಕೊಂಡು ಹಾನಗಲ್ಲ ಕಡೆಯ ನಮ್ಮ ಊರಿಂದ ಅವ್ವ ಹುಬ್ಬಳ್ಳಿಯ ಬಾಡಿಗೆ ಮನೆಗೆ ಬಂದು ಎರಡು ವಾರ ಇದ್ದಳು. ಬಂದ ದಿನ ಸಂಜೆಯೇ ಅಡುಗೆಮನೆಯಿಂದ ಕರೆದಳು: "ತಮ್ಮಾ, ಗ್ಯಾಸಿನ ವಾಸನಿ ಬರಾಕತ್ತೈತಿ ನೋಡು." ನಾನು ಹೋಗಿ ಮೂಗೆಳೆದು ನೋಡಿದೆ. ಏನೂ ಬರಲಿಲ್ಲ. "ಏನಿಲ್ಲ ಬೇ, ಹೊಸಾ ಜಾಗ, ನಿನಗ ಹಂಗ ಅನಸ್ತೈತಿ" ಎಂದು ಹೇಳಿ ಬಂದು ಕುಳಿತೆ. ಮರುದಿನ ಅವಳು ಕರೆಯಲಿಲ್ಲ. ಕಿಟಕಿ ತೆರೆದಿಟ್ಟು ಅಡುಗೆ ಮಾಡಿದಳು, ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಬಂದ್ ಮಾಡಿದಳು. ಮಳೆಯ ಎರಚಲು ಒಳಗೆ ಬರುತ್ತದೆ ಎಂದು ನಾನು ಕಿಟಕಿ ಮುಚ್ಚಿದೆ.

ಮೂರನೆಯ ದಿನ ಸಿಲಿಂಡರ್ ತಂದ ಹುಡುಗನಿಗೆ ಅವಳೇ ಹೇಳಿದಳು. ಅವನು ಒಂದು ಬಟ್ಟಲಲ್ಲಿ ಸಾಬೂನಿನ ನೊರೆ ಮಾಡಿ, ರೆಗ್ಯುಲೇಟರಿನಿಂದ ಒಲೆಯವರೆಗೆ ಪೈಪಿಗೆ ಸವರುತ್ತ ಬಂದ. ಒಲೆಯ ಹಿಂದೆ ಪೈಪು ಬಾಗುವ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು, ಒಡೆದವು, ಮತ್ತೆ ಎದ್ದವು. "ಪೈಪ್ ಸೀಳೈತ್ರಿ ಸರ್, ಐದು ವರ್ಷಕ್ಕೊಮ್ಮೆ ಬದಲಸಬೇಕಿದನ್ನ" ಎಂದ. ನಮ್ಮ ಪೈಪಿನ ಮೇಲೆ ಅಚ್ಚೊತ್ತಿದ್ದ ವರ್ಷ ಎಂದೋ ದಾಟಿಹೋಗಿತ್ತು.

ಅವ್ವ ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ನನಗೆ ಆಮೇಲೆ ನೆನಪಾದದ್ದು ನನ್ನ ಮೂಗಿನ ಸ್ಥಿತಿ. 2021ರಲ್ಲಿ ಕೋವಿಡ್ ಬಂದಾಗ ಹೋದ ವಾಸನೆ ಅರ್ಧ ಮಾತ್ರ ಮರಳಿದೆ. ಮಲ್ಲಿಗೆ ತಿಳಿಯುತ್ತದೆ, ಹಾಲು ಸೀದರೆ ತಿಳಿಯುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿದ್ದ ಸಂಗತಿ. ಆದರೂ ಎಪ್ಪತ್ತು ವರ್ಷದ ಗಟ್ಟಿ ಮೂಗಿನ ಎದುರು ನನ್ನ ಕೆಟ್ಟ ಮೂಗನ್ನೇ ಸಾಕ್ಷಿ ಮಾಡಿಕೊಂಡು ತೀರ್ಪು ಕೊಟ್ಟಿದ್ದೆ. ಗುಳ್ಳೆಯನ್ನು ಕಂಡ ಕ್ಷಣವೇ ನಂಬಿದ ನಾನು ಅವ್ವನ ಮಾತನ್ನು ಮೂರು ದಿನ ಯಾಕೆ ನಂಬಲಿಲ್ಲ? ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು.

ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ನಮಗೆ ಬರುವ ಆ ಕೊಳೆತ ನಾತ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತದ್ದು. ಅನಿಲ ಸೋರಿದರೆ ಜನರಿಗೆ ಗೊತ್ತಾಗಲಿ ಎಂದು ಬೇಕೆಂದೇ ಬೆರೆಸುತ್ತಾರೆ. ಗಾಳಿಯ ನೂರು ಕೋಟಿ ಕಣಗಳಲ್ಲಿ ಅದರ ಕೆಲವೇ ಕಣಗಳಿದ್ದರೂ ಮನುಷ್ಯನ ಮೂಗು ಹಿಡಿಯಬಲ್ಲದು. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಎಲ್‌ಪಿಜಿ ಸೇರಿದರೆ ಒಂದು ಕಿಡಿ ಸಾಕು. ಆ ಮಟ್ಟದ ಐದನೆಯ ಒಂದು ಭಾಗ ಮುಟ್ಟುವಷ್ಟರಲ್ಲೇ ನಾತ ತಿಳಿಯುವಂತಿರಬೇಕು ಎಂಬುದು ಬೆರಕೆಯ ನಿಯಮ. ಅಂದರೆ ಬೆಂಕಿಗಿಂತ ಬಹಳ ಮೊದಲೇ ವಾಸನೆ ಬಂದು ಬಾಗಿಲು ತಟ್ಟಬೇಕು. ಸೋರಿಕೆ ಪತ್ತೆಗೆ ಮನುಷ್ಯರು ಕಂಡುಕೊಂಡ ತಂತ್ರಗಳಲ್ಲಿ ಇಷ್ಟು ಅಗ್ಗದ್ದು, ಇಷ್ಟು ಮನೆಗಳನ್ನು ತಲುಪಿದ್ದು ಇನ್ನೊಂದಿಲ್ಲ.

ಇದು ಕಾನೂನಾಗುವುದಕ್ಕೆ ಬಹಳ ದೊಡ್ಡ ಬೆಲೆ ತೆರಬೇಕಾಯಿತು. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲಮಾಳಿಗೆಯಲ್ಲಿ ಸೋರಿ ತುಂಬಿದ್ದ ನೈಸರ್ಗಿಕ ಅನಿಲ ಸಿಡಿದು ಸುಮಾರು ಮುನ್ನೂರು ಮಕ್ಕಳು ಮತ್ತು ಶಿಕ್ಷಕರು ಸತ್ತರು. ಆ ಅನಿಲಕ್ಕೆ ವಾಸನೆ ಇರಲಿಲ್ಲ. ಅದಾದ ಮೇಲೆಯೇ ಅಲ್ಲಿ ಅನಿಲಕ್ಕೆ ನಾತ ಬೆರೆಸುವುದನ್ನು ಕಡ್ಡಾಯ ಮಾಡಿದರು. ಈ ಕತೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ: ಗೊತ್ತಾಗುವ ದಾರಿ ಇರಲಿಲ್ಲ, ಆಮೇಲೆ ವಿಜ್ಞಾನ ದಾರಿ ಮಾಡಿಕೊಟ್ಟಿತು. ಆದರೆ ಅದರಲ್ಲಿ ಇನ್ನೊಂದು ಎಳೆ ಇದೆ. ಸ್ಫೋಟಕ್ಕೆ ಮುಂಚೆ ಕೆಲವು ಕಾಲದಿಂದ ಮಕ್ಕಳು ತಲೆನೋವು ಎಂದು ಹೇಳುತ್ತಿದ್ದರಂತೆ. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅನಿಲಕ್ಕೆ ವಾಸನೆ ಇರಲಿಲ್ಲ ನಿಜ, ಸುದ್ದಿಯೇ ಇರಲಿಲ್ಲ ಎನ್ನುವಂತಿಲ್ಲ. ಸುದ್ದಿ ಮಕ್ಕಳ ಬಾಯಿಂದ ಬಂದಿತ್ತು, ಅಷ್ಟೆ.

ನಮ್ಮ ನ್ಯಾಯದರ್ಶನದವರು ಅರಿವಿಗೆ ನಾಲ್ಕು ದಾರಿಗಳನ್ನು ಹೇಳಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು ಅನುಮಾನ. ಗುಳ್ಳೆ ಕಂಡು ಪೈಪು ಸೀಳಿದೆ ಎಂದು ನಾನು ತಿಳಿದದ್ದೂ ಅದೇ. ಅವ್ವ ಹೇಳಿದ್ದು ಶಬ್ದ, ಅಂದರೆ ನಂಬತಕ್ಕವರ ಮಾತು. ನಂಬತಕ್ಕವರು ಯಾರು? ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇದಕ್ಕೆ ಕೊಡುವ ಉತ್ತರ ಈಗಲೂ ಬೆರಗು ಹುಟ್ಟಿಸುತ್ತದೆ. ವಿಷಯವನ್ನು ನೇರವಾಗಿ ಅರಿತವನು, ಅರಿತಂತೆಯೇ ಹೇಳಬೇಕೆಂಬ ಮನಸ್ಸುಳ್ಳವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವನು ಹೇಳುತ್ತಾನೆ. ಹುಟ್ಟನ್ನೂ ಪದವಿಯನ್ನೂ ಅವನು ಕೇಳಲಿಲ್ಲ. ಗ್ರಂಥದಲ್ಲಿ ಹೀಗೆ ಬರೆದಿಟ್ಟ ನಾಡಿನಲ್ಲೇ, ಒಂದು ಮಾತಿನ ತೂಕ ಅದನ್ನು ಆಡಿದವರ ಕುರ್ಚಿಯ ಎತ್ತರದ ಮೇಲೆ ನಿಂತಿದೆ. ನಾನು ಅಡುಗೆಮನೆಯಲ್ಲಿ ಮಾಡಿದ್ದೂ ಇದನ್ನೇ. ಓದಿದವನು, ಸಂಬಳ ತರುವವನು ನಾನು ಎಂಬ ಲೆಕ್ಕ ನನ್ನೊಳಗೆ ಎಲ್ಲೋ ಇತ್ತು.

ನಮ್ಮ ಸೀಮೆ ಕೆರೆಗಳ ಸೀಮೆ. ಹಾನಗಲ್ಲಿಗೆ ಆನೆಕೆರೆ ಇದೆ, ಸವಣೂರಿನಲ್ಲಿ ಮೋತಿ ತಲಾಬ್ ಇದೆ, ಹಿರೇಕೆರೂರಿನ ಹೆಸರಲ್ಲೇ ಕೆರೆ ಇದೆ. ಹಿಂದೆ ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದ ಮಾಸೂರಿನ ಹತ್ತಿರ ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆಯ ಏರಿಯ ಮೇಲೆ ನಿಂತರೆ ಯಂತ್ರವಿಲ್ಲದ ಕಾಲದಲ್ಲಿ ಇಷ್ಟು ಮಣ್ಣು ಹೊತ್ತವರ ನೆನಪಾಗಿ ಮಾತು ನಿಲ್ಲುತ್ತದೆ. ಮಣ್ಣಿನ ಏರಿಗೆ ಒಂದು ಗುಣವಿದೆ. ಅದು ಜಿನುಗಿಯೇ ಜಿನುಗುತ್ತದೆ. ಜಿನುಗದ ಮಣ್ಣೇರಿ ಇಲ್ಲ. ಹಾಗಾಗಿ ಕೆರೆ ಕಾಯುವವನ ಪ್ರಶ್ನೆ ನೀರು ಸೋರುತ್ತಿದೆಯೇ ಎಂಬುದಲ್ಲ, ಹೇಗೆ ಸೋರುತ್ತಿದೆ ಎಂಬುದು.

ನಮ್ಮ ಸೋದರಮಾವ ಊರ ಕೆರೆಯ ತೂಬು ನೋಡಿಕೊಳ್ಳುತ್ತಿದ್ದ. ಜೋರು ಮಳೆಯ ರಾತ್ರಿ ಕಂಬಳಿ ಕೊಪ್ಪೆ ಹಾಕಿಕೊಂಡು ಏರಿಯ ಹಿಂಬದಿಗೆ ಇಳಿಯುವಾಗ ಚಿಕ್ಕವನಾದ ನನಗೆ ಬ್ಯಾಟರಿ ಹಿಡಿಯುವ ಕೆಲಸ. ಏರಿಯ ಬುಡದಲ್ಲಿ ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ, "ತಿಳಿ ಐತೇನ, ರಾಡಿ ಐತೇನ ನೋಡು" ಅನ್ನುತ್ತಿದ್ದ. ತಿಳಿ ಇದ್ದರೆ ಮನೆಗೆ ಹೋಗಿ ಮಲಗಬಹುದು. ರಾಡಿ ಇದ್ದರೆ ನೀರಿನ ಜೊತೆ ಏರಿಯ ಮಣ್ಣೂ ಹೊರಡುತ್ತಿದೆ ಎಂದರ್ಥ. ಇಲಿಯ ಬಿಲವೋ ಏಡಿಯ ಬಿಲವೋ ಸತ್ತ ಮರದ ಬೇರೋ ಒಳಗೆ ಒಂದು ದಾರಿ ಮಾಡಿರುತ್ತದೆ, ಮತ್ತು ಆ ದಾರಿ ಪ್ರತಿ ತಾಸಿಗೂ ಅಗಲವಾಗುತ್ತಿರುತ್ತದೆ. ಎಂಜಿನಿಯರಿಂಗ್ ಪುಸ್ತಕಗಳೂ ಇದನ್ನೇ ಹೇಳುತ್ತವೆ ಎಂದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ದೊಡ್ಡ ಅಣೆಕಟ್ಟುಗಳಲ್ಲಿ ಜಿನುಗಿದ ನೀರನ್ನು ಒಂದೆಡೆ ಕೂಡಿಸಿ, ವಿ ಆಕಾರದ ಗಂಡಿಯ ಮೂಲಕ ಹರಿಸಿ ಅಳೆಯುತ್ತಾರೆ. ಏರಿಯೊಳಗೆ ಪೀಜೋಮೀಟರ್ ಇಳಿಸಿ ನೀರಿನ ಒತ್ತಡ ನೋಡುತ್ತಾರೆ. ಒತ್ತಡ ಇದ್ದಕ್ಕಿದ್ದಂತೆ ಏರಿದರೆ, ಜಿನುಗು ಹೆಚ್ಚಾದರೆ, ಬಣ್ಣ ತಿರುಗಿದರೆ ಎಚ್ಚರಿಕೆ. ಮಾವನ ಬೊಗಸೆ ಮತ್ತು ಪೀಜೋಮೀಟರ್ ಕೇಳುವ ಪ್ರಶ್ನೆ ಒಂದೇ.

ಆದರೆ ಒಂದು ವ್ಯತ್ಯಾಸವಿದೆ. ಪೀಜೋಮೀಟರಿನ ಅಂಕಿ ಕಡತದಲ್ಲಿ ಬರೆದುಹೋಗುತ್ತದೆ, ನಾಳೆ "ಗೊತ್ತಿರಲಿಲ್ಲ" ಎನ್ನಲು ಬಿಡುವುದಿಲ್ಲ. ಮಾವ ಅರ್ಧರಾತ್ರಿ ಊರ ಹಿರಿಯರ ಬಾಗಿಲು ಬಡಿದು ಹೇಳಬೇಕಿತ್ತು. ಅವರು ಎದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಯಂತ್ರದ ಹಿರಿಮೆ ಇರುವುದು ಅದು ಮನುಷ್ಯನಿಗಿಂತ ಹೆಚ್ಚು ತಿಳಿದಿದೆ ಎಂಬುದರಲ್ಲಿ ಮಾತ್ರ ಅಲ್ಲ. ದೂರದಲ್ಲಿ ಕೂತವರು ಅದರ ಮಾತನ್ನು ತಳ್ಳಿಹಾಕುವುದು ಕಷ್ಟ ಎಂಬುದರಲ್ಲೂ ಇದೆ.

ಊರೊಳಗಿನ ನಳದ ಕತೆ ಇನ್ನಷ್ಟು ಗೋಜಲಿನದು. ನೆಲದೊಳಗಿನ ಕೊಳವೆ ಒಡೆದದ್ದು ಕಣ್ಣಿಗೆ ಕಾಣುವುದಿಲ್ಲ. ನೀರು ಒಡೆದಲ್ಲೇ ಮೇಲೆ ಬರುತ್ತದೆಂಬ ಖಾತ್ರಿಯೂ ಇಲ್ಲ. ಹಳೆಯ ಉಪಾಯವೆಂದರೆ ರಾತ್ರಿ ಊರು ಮಲಗಿದ ಮೇಲೆ ಕಬ್ಬಿಣದ ಸರಳಿನ ಒಂದು ತುದಿಯನ್ನು ವಾಲ್ವಿನ ಮೇಲಿಟ್ಟು ಇನ್ನೊಂದನ್ನು ಕಿವಿಗೆ ಹಚ್ಚಿ ಕೇಳುವುದು. ಒತ್ತಡದ ನೀರು ಸೀಳಿನಿಂದ ಹೊರಬೀಳುವಾಗ ಒಂದು ಸುಯ್ಯೆಂಬ ಸದ್ದು ಕೊಳವೆಯ ಗುಂಟ ಹರಿಯುತ್ತದೆ. ಈಗಿನ ಯಂತ್ರಗಳು ಕೊಳವೆಯ ಎರಡು ಕಡೆ ಸಂವೇದಕ ಕೂರಿಸಿ, ಒಂದೇ ಸದ್ದು ಎರಡನ್ನೂ ಮುಟ್ಟುವ ಹೊತ್ತಿನ ಅಂತರದಿಂದ ಸೀಳು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತವೆ. ಎರಡಕ್ಕೂ ಬೇಕಾದದ್ದು ಒಂದೇ: ಕೊಳವೆಯಲ್ಲಿ ನೀರು ಒತ್ತಡದಿಂದ ಇರಬೇಕು. ಸವಣೂರು, ಶಿಗ್ಗಾಂವಿಯಂಥ ನಮ್ಮ ಊರುಗಳಲ್ಲಿ ನೀರು ಬರುವುದು ಸರದಿಯ ಮೇಲೆ. ಉಳಿದ ಹೊತ್ತು ಕೊಳವೆ ಖಾಲಿ, ಸದ್ದೂ ಇಲ್ಲ.

ಖಾಲಿ ಕೊಳವೆ ಸುಮ್ಮನೆ ಇರುವುದೂ ಇಲ್ಲ. ಒಳಗಿನ ಒತ್ತಡ ಇಳಿದಾಗ ಅದೇ ಸೀಳಿನಿಂದ ಹೊರಗಿನ ಗಟಾರದ ನೀರು ಒಳಗೆ ಬರುತ್ತದೆ. ಸೋರುವ ಕೊಳವೆ ಹೀರುತ್ತದೆ ಕೂಡ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 24 ತಾಸೂ ನೀರು ಕೊಡುವ ಯೋಜನೆ ಬಂದ ಮೇಲೆ ಸಂಶೋಧಕರು ಆ ನೀರನ್ನೂ ಸರದಿಯ ನೀರನ್ನೂ ಪರೀಕ್ಷಿಸಿ ಹೋಲಿಸಿದರು. ಸರದಿಯ ನೀರಿನಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾ ಹೆಚ್ಚು ಸಲ ಸಿಕ್ಕಿತು. ಪ್ರಯೋಗಾಲಯ ಅದನ್ನು ಅಂಕಿಯಲ್ಲಿ ಹೇಳಿತು. ಆದರೆ ನಳದ ಮುಂದೆ ಕೊಡ ಹಿಡಿದು ನಿಲ್ಲುವ ಹೆಂಗಸರು ಮೊದಲ ಕೊಡವನ್ನು ಯಾವಾಗಲೂ ಚೆಲ್ಲುತ್ತಾರೆ. ಯಾಕೆ ಚೆಲ್ಲುತ್ತೀರಿ ಎಂದು ಕೇಳಿದರೆ ಅವರು ಕೊಳವೆಯ ಇಡೀ ಕತೆ ಹೇಳುತ್ತಾರೆ. ಕೇಳಲು ಯಾರೂ ಹೋಗಿರುವುದಿಲ್ಲ.

ಶಿಗ್ಗಾಂವಿ ತಾಲ್ಲೂಕು ಅಂದಮೇಲೆ ಶಿಶುನಾಳದ ಶರೀಫರನ್ನು ನೆನೆಯದೆ ಸೋರಿಕೆಯ ಮಾತು ಮುಗಿಯುವುದಿಲ್ಲ. 1819ರಿಂದ 1889ರವರೆಗೆ ಬದುಕಿದ ಅವರ ಮಾಳಿಗೆಯ ಪದ ಗೊತ್ತಿಲ್ಲದ ಕನ್ನಡಿಗರಿಲ್ಲ. ಮಾಳಿಗೆಯನ್ನು ದೇಹವೆಂದು, ಸೋರಿಕೆಯನ್ನು ಅಜ್ಞಾನವೆಂದು ಅರ್ಥ ಹೇಳುವುದು ವಾಡಿಕೆ. ನನಗೆ ಈಚೆಗೆ ಅದನ್ನು ಕೇಳುವಾಗ ಮೊದಲು ನಿಜವಾದ ಮಾಳಿಗೆಯೇ ಕಣ್ಣಿಗೆ ಬರುತ್ತದೆ. ಮಣ್ಣಿನ ಮಾಳಿಗೆಯ ಮನೆಯಲ್ಲಿ ನೀರು ಒಂದು ಕಡೆ ಇಳಿದು, ಜಂತಿಯ ಗುಂಟ ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ರಾತ್ರಿ ಎದ್ದು ತೊಟ್ಟಿಕ್ಕುವಲ್ಲೆಲ್ಲ ಬೋಗುಣಿ, ತಪೇಲಿ ಇಡುವವಳು ಮನೆಯ ಹೆಂಗಸು. ಯಾವ ಮೂಲೆ ಎಷ್ಟು ಸೋರುತ್ತದೆಂಬ ನಕಾಶೆ ಅವಳ ತಲೆಯಲ್ಲಿ ಇರುತ್ತದೆ. ಮಾಳಿಗೆ ಹತ್ತಿ ಮಣ್ಣು ಹಾಕಿಸುವ ನಿರ್ಧಾರ ಮಾತ್ರ ಅವಳದಲ್ಲ. ಅರಿವು ಒಬ್ಬರಲ್ಲಿ, ಅಧಿಕಾರ ಇನ್ನೊಬ್ಬರಲ್ಲಿ ಇರುವ ಮನೆಯಲ್ಲಿ ಅಜ್ಞಾನವೆಂಬುದು ಏನೂ ತಿಳಿಯದಿರುವುದಲ್ಲ. ತಿಳಿದವರನ್ನು ಕೇಳದಿರುವುದು.

ಇದು ಮನೆಯ ಮಟ್ಟದಲ್ಲಿ ಇದ್ದಾಗ ಗೋಡೆ ನೆನೆಯುತ್ತದೆ, ಅಷ್ಟೆ. ಕಾರ್ಖಾನೆಯ ಮಟ್ಟಕ್ಕೆ ಬೆಳೆದಾಗ ಏನಾಗುತ್ತದೆಂಬುದಕ್ಕೆ ಭೋಪಾಲ ಇದೆ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಮೀಥೈಲ್ ಐಸೊಸಯನೇಟ್ ಸೋರುತ್ತಿದೆ ಎಂದು ಮೊದಲು ತಿಳಿದದ್ದು ಕೆಲಸಗಾರರ ಕಣ್ಣಿಗೆ. ಹನ್ನೊಂದೂವರೆಯ ಹೊತ್ತಿಗೆ ಅವರ ಕಣ್ಣುರಿದು ನೀರು ಬಂತು. ಅವರು ಹೇಳಿದರು. ಚಹಾ ಕುಡಿದ ಮೇಲೆ ನೋಡೋಣ ಎಂದಾಯಿತು. ಅಷ್ಟರಲ್ಲಿ ತೊಟ್ಟಿಯ ಒತ್ತಡ ಕೈಮೀರಿತು. ಅಲ್ಲಿ ಮಾಪಕಗಳೂ ಇದ್ದವು, ಆದರೆ ಅವು ಆಗಾಗ ಕೆಡುತ್ತಿದ್ದುದರಿಂದ ಅವುಗಳ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ಊರನ್ನು ಎಚ್ಚರಿಸುವ ಸೈರನ್ ಸ್ವಲ್ಪ ಹೊತ್ತು ಕೂಗಿತು, ಜನ ಗಾಬರಿಯಾಗದಿರಲಿ ಎಂಬ ಪದ್ಧತಿಯಂತೆ ಅದನ್ನು ಆರಿಸಲಾಯಿತು. ಎರಡು ವರ್ಷ ಮುಂಚೆಯೇ, 1982ರಲ್ಲಿ, ರಾಜಕುಮಾರ ಕೇಸ್ವಾನಿ ಎಂಬ ಪತ್ರಕರ್ತರು ಈ ಕಾರ್ಖಾನೆಯ ಅಪಾಯದ ಬಗ್ಗೆ ತಮ್ಮ ಸಣ್ಣ ಹಿಂದಿ ವಾರಪತ್ರಿಕೆಯಲ್ಲಿ ಬರೆದಿದ್ದರು. ಸಣ್ಣ ಪತ್ರಿಕೆ, ಆದ್ದರಿಂದ ಸಣ್ಣ ಮಾತು. ಸತ್ತವರು ಸಾವಿರಾರು. ಆ ರಾತ್ರಿ ಭೋಪಾಲದಲ್ಲಿ ಕೊರತೆಯಾದದ್ದು ಅರಿವಲ್ಲ ಎಂದು ನನಗೆ ಅನಿಸುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎತ್ತಿಕೊಳ್ಳಬೇಕು. ಹೇಳಿದವರ ಮಾತನ್ನೆಲ್ಲ ನಂಬಿ ಕುಳಿತರೆ ಕಾರ್ಖಾನೆಯೂ ನಡೆಯದು, ಮನೆಯೂ ನಡೆಯದು. ಮೂಗು ತಪ್ಪುತ್ತದೆ. ಕೊಳೆತ ಈರುಳ್ಳಿಯೂ ಗ್ಯಾಸಿನಂತೆ ನಾರಬಹುದು. ನಾಲ್ಕು ಸಲ ಸುಳ್ಳೇ ಕೂಗಿದ ಗಂಟೆಯ ವೈರನ್ನು ಐದನೆಯ ಸಲ ಯಾರಾದರೂ ಕಿತ್ತಿಡುತ್ತಾರೆ. ಯಂತ್ರ ಬೇಕಾದದ್ದೇ ಇದಕ್ಕೆ: ಅದಕ್ಕೆ ಭಯವಿಲ್ಲ, ಹಟವಿಲ್ಲ, ಮನೆಯಲ್ಲಿ ಯಾರ ಮಾತು ನಡೆಯುತ್ತದೆಂಬ ಚಿಂತೆಯಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ. ನಾನೂ ಯಂತ್ರದ ಪಕ್ಷವೇ.

ಆದರೆ ನಾನು ಅವ್ವನಿಗೆ ಬಾಕಿ ಉಳಿಸಿಕೊಂಡದ್ದು ನಂಬಿಕೆಯನ್ನಲ್ಲ. ಎದ್ದು ಹೋಗಿ ನೋಡುವುದನ್ನು. ನಾನು ಅಡುಗೆಮನೆಗೆ ಹೋಗಿದ್ದೆ ನಿಜ, ಹೋದದ್ದು ಅವಳ ಮಾತು ಸುಳ್ಳೆಂದು ತೀರ್ಮಾನಿಸಲಿಕ್ಕೆ. ಬಟ್ಟಲಲ್ಲಿ ನೊರೆ ಮಾಡಲು ಎರಡು ನಿಮಿಷ ಸಾಕಿತ್ತು. 1906ಕ್ಕೆ ಫೋನು ಮಾಡಿದ್ದರೂ ಆಗುತ್ತಿತ್ತು, ಅಡುಗೆ ಅನಿಲದ ಸೋರಿಕೆಗೆಂದೇ ದೇಶಕ್ಕೆಲ್ಲ ಇರುವ ಸಹಾಯವಾಣಿ ಅದು. ಒಬ್ಬರು ಸೋರುತ್ತಿದೆ ಎಂದಾಗ ಅವರ ಮಾತನ್ನು ಒಪ್ಪಲೇಬೇಕೆಂದಿಲ್ಲ. ಅದನ್ನು ಪರೀಕ್ಷೆಗೆ ಯೋಗ್ಯವಾದ ಮಾತೆಂದು ಎಣಿಸಬೇಕು. ಅಷ್ಟು ಮರ್ಯಾದೆ ಸಿಕ್ಕರೆ ಹೇಳುವವರು ಮತ್ತೆ ಹೇಳುತ್ತಾರೆ. ಸಿಗದಿದ್ದರೆ ನಮ್ಮವ್ವನಂತೆ ಸುಮ್ಮನೆ ಕಿಟಕಿ ತೆರೆಯುತ್ತಾರೆ. ಮನೆಯೊಳಗೆ ಎರಡನೆಯ ಸಲ ಕರೆಯದೆ ಉಳಿದ ಆ ದನಿಯೇ ನನಗೆ ಈಗ ಪೈಪಿನ ಸೀಳಿಗಿಂತ ದೊಡ್ಡ ಅಪಾಯವಾಗಿ ಕಾಣುತ್ತದೆ. "ನನಗೆ ಗೊತ್ತಿರಲಿಲ್ಲ" ಎಂಬ ಮಾತು ಕ್ಷಮೆಗೆ ಅರ್ಹವಾಗುವುದು, ಹೇಳಬಲ್ಲವರನ್ನು ನಾವೇ ಸುಮ್ಮನಾಗಿಸಿರದಿದ್ದರೆ ಮಾತ್ರ.

ನೊರೆ ನೋಡಿದ ವಾರದಲ್ಲೇ ಪೈಪು ಬದಲಿಸಿದೆ, ಗೋಡೆಗೆ ಹಚ್ಚುವ ಒಂದು ಗ್ಯಾಸ್ ಅಲಾರಂ ತಂದೆ. ಇಂಥ ಯಂತ್ರಗಳಿಗೆ ದಾರಿ ತೋರಿಸಿದವರು ಜಪಾನಿನ ನಾವೊಯೋಶಿ ತಗುಚಿ. ಅಲ್ಲಿಯೂ ಅಡುಗೆ ಅನಿಲದ ಸ್ಫೋಟಗಳಾಗುತ್ತಿದ್ದ ಕಾಲದಲ್ಲಿ, 1962ರಲ್ಲಿ, ಅವರು ತವರದ ಆಕ್ಸೈಡಿನಿಂದ ಸಂವೇದಕ ಮಾಡಿದರು. ಬಿಸಿಯಾಗಿಟ್ಟ ಆ ಆಕ್ಸೈಡಿನ ಮೈಗೆ ಗಾಳಿಯ ಆಮ್ಲಜನಕ ಅಂಟಿಕೊಂಡು ವಿದ್ಯುತ್ತಿನ ಹರಿವನ್ನು ತಡೆದಿರುತ್ತದೆ. ಉರಿಯುವ ಅನಿಲ ಬಂದು ಆ ಆಮ್ಲಜನಕವನ್ನು ಕಸಿದುಕೊಂಡರೆ ವಿದ್ಯುತ್ತು ಸಲೀಸಾಗಿ ಹರಿದು ಗಂಟೆ ಬಾರಿಸುತ್ತದೆ. ನಾನು ಅದನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಹಚ್ಚುವಾಗ ಅವ್ವ ಬಂದು, ಇಷ್ಟು ಕೆಳಗ್ಯಾಕೆ ಎಂದು ಕೇಳಿದಳು. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ, ಪೈಪಿನಲ್ಲಿ ಬರುವ ಗ್ಯಾಸಾದರೆ ಹಗುರ, ಅದಕ್ಕೆ ಮೇಲೆ ಹಚ್ಚಬೇಕು ಎಂದು ವಿವರಿಸಿದೆ. ಅವಳು ಪೂರಾ ಕೇಳಿಸಿಕೊಂಡಳು.

"ಇದು ಒದರಿದ್ರ ಎದ್ದು ಹೋಗಿ ನೋಡ್ತಿ, ಹೌದಿಲ್ಲ?"

"ಹೂಂ ಬೇ."

"ಮೊನ್ನಿ ನಾನೂ ಒದರಿದ್ನೆಲ್ಲಪ್ಪ" ಎಂದಳು. ಸಿಟ್ಟಿನಿಂದೇನೂ ಅಲ್ಲ, ನಕ್ಕೊಂತಲೇ ಅಂದಳು. ಆಮೇಲೆ ಒಳಗೆ ಹೋಗಿ, ಅಲಾರಂ ಇದ್ದರೂ, ರೆಗ್ಯುಲೇಟರ್ ಬಂದ್ ಮಾಡಿ ಮಲಗಿದಳು.